ಮೂವತ್ತೊಂದು ಮಕ್ಕಳಿಗೆ ಒಂದೇ ದನಿ

ಮನೆಯಲ್ಲಿ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಮೂರು ವರ್ಷದವಳಿದ್ದಾಗಲೇ ಮಲಗು ಎಂದರೆ ಯಾಕೆ ಎನ್ನುತ್ತಿದ್ದಳಂತೆ. ಯಾಕೆಂದು ಹೇಳಿದರೆ, ಅದಕ್ಕೇನು ಸಾಕ್ಷಿ ಎನ್ನುವ ಹಾಗೆ ನೋಡುತ್ತಿದ್ದಳಂತೆ. ಆ ಹೆಸರಿಟ್ಟವಳು ಚಿಕ್ಕಮ್ಮ. ಅವಳಿಗೆ ಅಕ್ಷರ ಕಲಿಸಿದವಳೂ ಚಿಕ್ಕಮ್ಮನೇ. ಲಾಯರಮ್ಮ ವಕೀಲಿಕೆ ಓದಲಿಲ್ಲ. ಚಿಕ್ಕಮ್ಮನ ಹಾಗೆ ಟೀಚರ್ ಆಗಬೇಕೆಂದು ಹಟ ಹಿಡಿದು, ಶಿಕ್ಷಕರ ತರಬೇತಿ ಕಾಲೇಜು ಸೇರಿ, ಈಗ ಕೊನೆಯ ವರ್ಷದಲ್ಲಿದ್ದಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂವರೂ ಇದ್ದರು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆದು ಮಡಿಸುವ ಕೆಲಸದವಳು, ಎಷ್ಟು ತೊಳೆದರೂ ಅವಳ ಕೈಯಿಂದ ಬ್ಲೀಚಿನ ವಾಸನೆ ಹೋಗುತ್ತಿರಲಿಲ್ಲ. ಅಮ್ಮನ ತಂಗಿಯಾದ ಚಿಕ್ಕಮ್ಮ ಹನ್ನೊಂದು ವರ್ಷದಿಂದ ಒಂದೇ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದಳು. ಹನ್ನೊಂದು ವರ್ಷವಾದರೂ ಅವಳು ತಾತ್ಕಾಲಿಕ ಟೀಚರೇ. "ಈ ಕಟ್ಟಡದಲ್ಲಿ ನನಗಿಂತ ಹಳೇದು ಅಂದ್ರೆ ಗಂಟೆ ಒಂದೇ. ಅದೂ ಪರ್ಮನೆಂಟು," ಎಂದು ತಾನೇ ನಗುತ್ತಿದ್ದಳು.

ಕಾಲೇಜಿನಲ್ಲಿ ಪ್ರತಿ ಗುರುವಾರ ಒಂದು ಪೀರಿಯಡ್ ಇತ್ತು. ಶಿಕ್ಷಣ ಮತ್ತು ತಂತ್ರಜ್ಞಾನ ಕಲಿಸುವ ಸರ್ ಪತ್ರಿಕೆಯಿಂದ ಒಂದು ಸುದ್ದಿ ಕತ್ತರಿಸಿ ತಂದು ಬೋರ್ಡಿಗೆ ಅಂಟಿಸುತ್ತಿದ್ದರು. ಅದನ್ನು ಓದಿ ಪ್ರತಿಯೊಬ್ಬರೂ ತಮಗನಿಸಿದ್ದನ್ನು ಒಂದು ಪುಟದಲ್ಲಿ ಬರೆಯಬೇಕು. "ಒಂದೇ ಪುಟ. ಎರಡನೇ ಪುಟ ನಾನು ತಿರುಗಿಸಲ್ಲ," ಎಂದು ಮೊದಲ ದಿನವೇ ಹೇಳಿದ್ದರು. ಒಳ್ಳೆಯ ಮನುಷ್ಯ. ಎಲ್ಲರ ಬರಹವನ್ನೂ ಓದುತ್ತಿದ್ದರು, ಬೇಸರವಾದರೆ ಬೇಸರವಾಯಿತೆಂದು ಬರೆಯುತ್ತಿದ್ದರು. ಕ್ಲಾಸಿನ ನಲವತ್ತು ಜನರಲ್ಲಿ ಮೂವತ್ತು ಜನ, ಸುದ್ದಿ ಯಾವುದೇ ಇರಲಿ, ತಂತ್ರಜ್ಞಾನವೆಂಬುದು ಎರಡಲಗಿನ ಕತ್ತಿ ಎಂದು ಶುರು ಮಾಡುತ್ತಿದ್ದರು. "ನಿಮ್ಮೆಲ್ಲರ ಕೈಗೆ ಸಿಕ್ಕಿ ಆ ಕತ್ತಿ ಮೊಂಡಾಗಿದೆ, ಇನ್ನು ಒರೆಗೆ ಹಾಕಿಬಿಡಿ," ಎಂದಿದ್ದರು ಸರ್ ಒಮ್ಮೆ.

ಲಾಯರಮ್ಮ ಕತ್ತಿಯ ಗೊಡವೆಗೆ ಹೋಗುತ್ತಿರಲಿಲ್ಲ. ನಾಲ್ಕು ನಿಮಿಷದಲ್ಲಿ ಸಾವಿರ ಉತ್ತರಪತ್ರಿಕೆ ತಿದ್ದುವ ಯಂತ್ರದ ಸುದ್ದಿ ಬಂದಾಗ, ನಾಲ್ಕು ನಿಮಿಷದಲ್ಲಿ ತಿದ್ದಬಹುದಾದ ಪರೀಕ್ಷೆಗೆ ಮಕ್ಕಳನ್ನು ಮೂರು ಗಂಟೆ ಯಾಕೆ ಕೂರಿಸುತ್ತೀರಿ ಎಂದು ಕೇಳಿದ್ದಳು. ಸರ್ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಭೇಷ್" ಎಂದು ಬರೆದಿದ್ದರು. ಆ ಭೇಷ್‌ಗೆ ಅವಳು ಗುರುವಾರದಿಂದ ಗುರುವಾರಕ್ಕೆ ಕಾಯತೊಡಗಿದ್ದಳು.

ಒಂದು ಗುರುವಾರ ಬೋರ್ಡಿಗೆ ಬಂದ ಸುದ್ದಿ ಹೀಗಿತ್ತು: ಓದಲು ಬಾರದ ಮಕ್ಕಳಿಗಾಗಿ ಒಂದು ಕಂಪನಿ ನಲವತ್ತು ಶಾಲೆಗಳಿಗೆ ಟ್ಯಾಬ್ ಕೊಟ್ಟಿದೆ, ಮಗು ಟ್ಯಾಬಿನ ಮುಂದೆ ಒಂದು ಪುಟ ಓದಿದರೆ ಅದು ಕೇಳಿಸಿಕೊಂಡು ಸರಿತಪ್ಪು ಹೇಳುತ್ತದೆ, ಮೂರೇ ತಿಂಗಳಲ್ಲಿ ನೂರಕ್ಕೆ ತೊಂಬತ್ತೆರಡು ಮಕ್ಕಳು ಸರಾಗವಾಗಿ ಓದುತ್ತಿದ್ದಾರೆ. ಕೆಳಗಿದ್ದ ಶಾಲೆಗಳ ಪಟ್ಟಿಯಲ್ಲಿ ಚಿಕ್ಕಮ್ಮನ ಶಾಲೆಯೂ ಇತ್ತು.

ಸಂಜೆ ಚಿಕ್ಕಮ್ಮ ಚೀಲ ಕೆಳಗಿಡುವ ಮೊದಲೇ ಲಾಯರಮ್ಮ ಸುದ್ದಿ ಹೇಳಿದಳು. ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದು ನಕ್ಕಳು.

"ತೊಂಬತ್ತೆರಡಾ? ಬಾ, ನಿನಗೆ ತೊಂಬತ್ತೆರಡರ ಕಥೆ ತೋರಿಸ್ತೀನಿ."

ಚೀಲದಿಂದ ಟ್ಯಾಬ್ ತೆಗೆದಳು. ತೆರೆಯ ಮೂಲೆಯಲ್ಲಿ ಒಂದು ಗಿಳಿಯ ಚಿತ್ರವಿತ್ತು, ಮಕ್ಕಳು ಆ ಯಂತ್ರವನ್ನು ಗಿಳಿ ಎಂದೇ ಕರೆಯುತ್ತಿದ್ದರು. ದಿನಕ್ಕೆ ಒಂದು ಪುಟವನ್ನು ತರಗತಿಯ ಮೂವತ್ತೊಂದು ಮಕ್ಕಳೂ ಗಿಳಿಗೆ ಓದಿ ಹೇಳಬೇಕು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಹಿಡಿದರೆ ಎರಡು ಗಂಟೆ ಅಲ್ಲೇ ಮುಗಿಯಿತು. ಅಷ್ಟು ಹೊತ್ತೂ ಉಳಿದವರು ಪಿಟಕ್ಕೆನ್ನಬಾರದು, ಯಾರಾದರೂ ಕೆಮ್ಮಿದರೆ ಓದುತ್ತಿದ್ದವನಿಗೆ ತಪ್ಪು ಬೀಳುತ್ತದೆ. ಚೆನ್ನಾಗಿ ಓದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೂರು ದಿನ ಕೆಂಪು ಹೆಚ್ಚಾದರೆ ಶಿಕ್ಷಣ ಇಲಾಖೆಯ ಆಫೀಸಿನಿಂದ ಫೋನು.

"ಅದಕ್ಕೇ ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕ್ಕೊಂಡು ನಾನೇ ಓದಿಬಿಡ್ತೀನಿ," ಎಂದಳು ಚಿಕ್ಕಮ್ಮ. "ಪುಟಕ್ಕೊಂದು ನಿಮಿಷ. ಅರ್ಧ ಗಂಟೇಲಿ ಮೂವತ್ತೊಂದು ಮಕ್ಕಳೂ ಪಾಸು."

ಆಮೇಲೆ ಮಾಡಿ ತೋರಿಸಿದಳು. ನೆಗಡಿಯಾದವನ ದನಿ, ಮುಂದಿನ ಹಲ್ಲು ಬಿದ್ದವಳ ದನಿ, ಪೂರ್ಣವಿರಾಮ ಬಂದಲ್ಲೆಲ್ಲ ಎಂಜಲು ನುಂಗುವವನ ದನಿ, ಓದುವಾಗಲೂ ಪಕ್ಕದವನ ಮೇಲೆ ಚಾಡಿ ಹೇಳುವವಳ ಹಾಗೆ ಎಳೆಯುವ ದನಿ. ಒಬ್ಬ ಹುಡುಗನಿಗೆ ಬೇಕೆಂದೇ ಎರಡು ತಪ್ಪು ಮಾಡಿದಳು. "ಇವನು ಎಲ್ಲಾ ಸರಿ ಓದಿದ ಅಂದ್ರೆ ಗಿಳಿ ಅಲ್ಲ, ಅವರಪ್ಪನೂ ನಂಬಲ್ಲ," ಎಂದಳು. ಬಟ್ಟೆ ಮಡಿಸುತ್ತಿದ್ದ ಅಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ನಗು ಇಳಿದ ಮೇಲೆ ಚಿಕ್ಕಮ್ಮ ಟ್ಯಾಬ್ ಆರಿಸಿ ಪಕ್ಕಕ್ಕಿಟ್ಟಳು.

"ತಮಾಷೆ ಹಾಗಿರಲಿ. ಆ ಎರಡು ಗಂಟೆ ನನಗೆ ಉಳೀತು ನೋಡು, ಅದರಲ್ಲಿ ನಿಜವಾಗಿ ಓದಿಸ್ತೀನಿ. ಕೊನೇ ಬೆಂಚಲ್ಲಿ ಒಬ್ಬಳಿದಾಳೆ, ಮಾತು ತೊದಲುತ್ತೆ. ಮೊದಲನೇ ಅಕ್ಷರ ಬಾಯಿಂದ ಬರೋಷ್ಟರಲ್ಲಿ ಗಿಳಿ ಕೆಂಪು ತೋರಿಸಿಬಿಡೋದು. ಒಂದು ವಾರಕ್ಕೇ ಬಾಯಿ ತೆರೆಯೋದೇ ಬಿಟ್ಟಳು. ಅವಳ ಪಕ್ಕ ಕೂತು ಎರಡು ತಿಂಗಳಿಂದ ಬೆರಳಿಟ್ಟು ಓದಿಸ್ತಿದೀನಿ. ಹೋದ ಸೋಮವಾರ ಒಂದು ವಾಕ್ಯ ಓದಿದಳು. ಪೂರ್ತಿ. ಐದು ನಿಮಿಷ ತಗೊಂಡಳೇನೋ. ನಾನೂ ಗಡಿಯಾರ ನೋಡಲಿಲ್ಲ, ಅವಳೂ ನೋಡಲಿಲ್ಲ."

ಅಷ್ಟು ಹೇಳಿ ಒಲೆ ಹಚ್ಚಲು ಎದ್ದುಹೋದಳು.

ಲಾಯರಮ್ಮ ಆ ಸಂಜೆಯೇ ಕೂತು ಬರೆದಳು. ಇಂಥ ಸರಕು ಮತ್ತೆ ಯಾವಾಗ ಸಿಕ್ಕೀತು? ತನಗೆ ಗೊತ್ತಿರುವ ಒಬ್ಬ ಟೀಚರ್ ಎಂದಷ್ಟೇ ಬರೆದಳು, ಹೆಸರಿಲ್ಲ, ಶಾಲೆಯಿಲ್ಲ. ನೆಗಡಿ, ಬಿದ್ದ ಹಲ್ಲು, ಬೇಕೆಂದೇ ಮಾಡಿದ ಎರಡು ತಪ್ಪು, ಎಲ್ಲ ಬಂತು. ಕೊನೆಯ ಬೆಂಚಿನ ಹುಡುಗಿಯೂ ಬಂದಳು. ಬರೆದು ಮುಗಿಸಿದಾಗ ಪುಟ ದಾಟಿ ಆರು ಸಾಲು ಹೆಚ್ಚಾಗಿತ್ತು. ಎಲ್ಲಿ ಕತ್ತರಿಸುವುದೆಂದು ಎರಡೆರಡು ಸಲ ಓದಿದಳು. ಯಂತ್ರದ ವಿವರಣೆಯಲ್ಲಿ ಆರು ಸಾಲು ತೆಗೆಯಬಹುದಿತ್ತು. ಆದರೆ "ನೂರಕ್ಕೆ ತೊಂಬತ್ತೆರಡು ಮಕ್ಕಳು ಓದುತ್ತಿಲ್ಲ, ಒಬ್ಬಳು ಹೆಂಗಸು ಬಾಗಿಲು ಹಾಕಿಕೊಂಡು ಓದುತ್ತಿದ್ದಾಳೆ" ಎಂಬಲ್ಲಿಗೆ ನಿಲ್ಲಿಸಿದರೆ ಬರಹಕ್ಕೆ ಚಾಟಿಯೇಟಿನ ಚುರುಕು ಬರುತ್ತಿತ್ತು. ಅದಾದ ಮೇಲೆ ತೊದಲುವ ಹುಡುಗಿ ಬಂದರೆ ಏಟು ಮೆತ್ತಗಾಗುತ್ತಿತ್ತು. ಹುಡುಗಿಯನ್ನು ತೆಗೆದುಹಾಕಿದಳು.

ಮುಂದಿನ ಗುರುವಾರ ಸರ್ ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೀರಿಯಡ್ ಮುಗಿದ ಮೇಲೆ ಅವಳನ್ನು ಹತ್ತಿರ ಕರೆದರು.

"ಪತ್ರಿಕೇಲಿ ನನ್ನ ಸ್ನೇಹಿತರೊಬ್ಬರಿದಾರೆ. ಕಳಿಸಲಾ? ನಿನ್ನ ಹೆಸರು ಬೇಡ ಅಂದ್ರೆ ಹಾಕಲ್ಲ."

ಒಂದು ಗಳಿಗೆ ಅವಳಿಗೆ ಚಿಕ್ಕಮ್ಮ ನೆನಪಾದಳು. ಮರುಗಳಿಗೆಗೆ, ಹೆಸರೇ ಇಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. "ಕಳಿಸಿ ಸರ್," ಎಂದಳು.

ಭಾನುವಾರ ಅದು ಒಳಪುಟದಲ್ಲಿ ಚೌಕಟ್ಟು ಹಾಕಿಸಿಕೊಂಡು ಬಂತು. ಮೇಲೆ "ಗಿಳಿಗೆ ಓದುವ ಟೀಚರ್" ಎಂಬ ತಲೆಬರಹ, ಕೆಳಗೆ "ಒಬ್ಬ ವಿದ್ಯಾರ್ಥಿನಿ". ಮನೆಗೆ ಪತ್ರಿಕೆ ತರಿಸುತ್ತಿರಲಿಲ್ಲ. ಅವಳು ಒಂದು ಪ್ರತಿ ಕೊಂಡು ತಂದು ಬಟ್ಟೆಗಳ ಅಡಿಯಲ್ಲಿಟ್ಟಳು. ಸಂತೋಷ ತಡೆಯಲಾಗದೆ ದಿನಕ್ಕೆರಡು ಸಲ ತೆಗೆದು ನೋಡಿದಳು, ಯಾರಿಗೂ ಹೇಳಲಿಲ್ಲ.

ಕಂಪನಿಯವರು ಮಾತ್ರ ಸುಮ್ಮನಿರಲಿಲ್ಲ. ನಲವತ್ತು ಶಾಲೆಗಳಿಂದ ಬಂದ ದನಿಗಳೆಲ್ಲ ಅವರ ಹತ್ತಿರವೇ ಇದ್ದವು. ಮೂರು ತಿಂಗಳು ಅವನ್ನು ಕೇಳಿ ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಮರ್ಯಾದೆಗೆ ಕುತ್ತು ಬಂದಾಗ ಎರಡೇ ದಿನದಲ್ಲಿ ಕೇಳಿದರು. ಒಂದು ಶಾಲೆಯ ಮೂರನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳಿಗೆ ಒಂದೇ ಗಂಟಲು ಇರುವುದು ಗೊತ್ತಾಯಿತು.

ಬುಧವಾರ ನಾಲ್ಕು ಗಂಟೆಗೆ ಲಾಯರಮ್ಮ ಮನೆಗೆ ಬಂದಾಗ ಚಿಕ್ಕಮ್ಮ ಆಗಲೇ ಬಂದಿದ್ದಳು. ಅಡುಗೆ ಕಪಾಟಿನ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ಒಂದೊಂದನ್ನೇ ಒರೆಸುತ್ತಿದ್ದಳು. ಮೇಜಿನ ಮೇಲೆ ಪತ್ರಿಕೆ ಇತ್ತು. ಬಟ್ಟೆಯ ಅಡಿಯಲ್ಲಿದ್ದದ್ದಲ್ಲ, ಬೇರೆ ಪ್ರತಿ. ಶಾಲೆಯ ಹೆಡ್ ಮೇಡಂ ಕೊಟ್ಟದ್ದು.

"ಕೆಲಸ ಹೋಯ್ತು," ಎಂದಳು ಚಿಕ್ಕಮ್ಮ, ತಿರುಗಿ ನೋಡದೆ. "ಪರ್ಮನೆಂಟ್ ಆಗಿದ್ರೆ ವಿಚಾರಣೆ, ನೋಟಿಸು, ಏನೋ ಒಂದು ನಡೀತಿತ್ತು. ನಮಗೆ ಅದೆಲ್ಲಾ ಎಲ್ಲಿ? ಫೋನಿಗೆ ಮೆಸೇಜ್ ಬಂತು. ನಾಲ್ಕು ಸಾಲು."

ಲಾಯರಮ್ಮ ಚೀಲವನ್ನು ಬಾಗಿಲ ಬಳಿಯೇ ಇಳಿಸಿದಳು.

"ಬರೆದೋಳು ನೀನೇ ಅಂತ ಮೊದಲನೇ ಸಾಲಿಗೇ ಗೊತ್ತಾಯ್ತು. ಆ ಎಂಜಲು ನುಂಗೋನ ವಿಷಯ ನಿನಗೂ ಅಕ್ಕನಿಗೂ ಬಿಟ್ಟು ಯಾರಿಗೆ ಗೊತ್ತಿತ್ತು?"

"ಚಿಕ್ಕಮ್ಮ, ಹೆಸರು ಹಾಕಿರಲಿಲ್ಲ ನಾನು. ಶಾಲೆ ಹೆಸರೂ ಇರಲಿಲ್ಲ."

"ಇರಲಿಲ್ಲ. ನಾನು ಮಾಡಿದ್ದೂ ಸರಿ ಅಂತ ಹೇಳ್ತಿಲ್ಲ. ಸುಳ್ಳು ಸುಳ್ಳೇ, ಇವತ್ತಲ್ಲ ನಾಳೆ ಸಿಕ್ಕಿಬೀಳ್ತಿದ್ದೆ." ಡಬ್ಬಿಯ ಮುಚ್ಚಳ ತಿರುಗಿಸಿ ಗಟ್ಟಿ ಮಾಡಿದಳು. "ಒಂದು ಕೇಳ್ತೀನಿ. ಆ ಹುಡುಗಿ ಎಲ್ಲಿ?"

"ಯಾವ ಹುಡುಗಿ?"

ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಎಲ್ಲಾ ಮಕ್ಕಳೂ ಬಂದಿದಾರೆ ಅದರಲ್ಲಿ. ಅವಳೊಬ್ಬಳೇ ಇಲ್ಲ. ಅವಳಿದ್ದಿದ್ರೆ ನಾನು ಯಾಕೆ ಹಾಗೆ ಮಾಡ್ದೆ ಅಂತಾದ್ರೂ ಓದಿದೋರಿಗೆ ತಿಳೀತಿತ್ತು. ಈಗ ನೋಡು, ಮಕ್ಕಳಿಗೆ ಪಾಠ ಹೇಳೋಕೆ ಸೋಮಾರಿತನ, ಯಂತ್ರಕ್ಕೆ ಟೋಪಿ ಹಾಕಿ ಬೇಗ ಮನೆಗೆ ಹೋಗೋ ಹೆಂಗಸು. ಹೆಡ್ ಮೇಡಂ ಬಾಯಲ್ಲೇ ಕೇಳ್ದೆ. ಅವಳನ್ನ ಯಾಕೆ ಬಿಟ್ಟೆ?"

"ಒಂದೇ ಪುಟ ಬರೀಬೇಕಿತ್ತು," ಎಂದಳು ಲಾಯರಮ್ಮ.

ಚಿಕ್ಕಮ್ಮ ಅವಳ ಮುಖ ನೋಡಿದಳು. ಆಮೇಲೆ "ಹೌದಾ" ಎಂದು ಮುಂದಿನ ಡಬ್ಬಿ ಎತ್ತಿಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಂದಿನಿಂದ ಊಟ ಆಯ್ತಾ, ಬೀಗದ ಕೈ ಎಲ್ಲಿ, ನೀರು ನಿಲ್ಲಿಸು, ಇಷ್ಟೇ ಮಾತು. ಲಾಯರಮ್ಮ ಎಂದು ಕರೆಯುವುದನ್ನು ಬಿಟ್ಟಳು. ಅಮ್ಮ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದಳು. ಒಂದು ದಿನ ಮಗಳ ತಲೆ ಬಾಚುತ್ತಾ, "ನಗ್ತಾ ಕೂತಿದ್ದೆವಲ್ಲೇ ಮೂವರೂ," ಎಂದಷ್ಟೇ ಅಂದಳು.

ಕೆಲಸ ಹೋದ ಮಾರನೆಯ ದಿನ, ಗುರುವಾರ, ಬೋರ್ಡಿನ ಮೇಲೆ ಹೊಸ ಸುದ್ದಿ ಇತ್ತು: "ಶಿಕ್ಷಕಿಯ ವಂಚನೆ ಬಯಲು: ದನಿ ಗುರುತಿಸುವ ಹೊಸ ತಂತ್ರಜ್ಞಾನದ ಸಾಧನೆ". ಇನ್ನು ಮುಂದೆ ಪ್ರತಿ ಮಗುವಿನ ದನಿಯನ್ನೂ ಯಂತ್ರ ನೆನಪಿಟ್ಟುಕೊಳ್ಳುತ್ತದಂತೆ. ಇನ್ನೂ ಅರವತ್ತು ಶಾಲೆಗಳಿಗೆ ಟ್ಯಾಬ್ ಬರಲಿದೆಯಂತೆ. ಇದನ್ನು ಓದಿ ಒಂದು ಪುಟ ಬರೆಯಿರಿ ಎಂದರು ಸರ್. ಅವಳ ಪಕ್ಕದಲ್ಲಿ ಕೂತವಳು ಬಹಳ ದಿನದ ಮೇಲೆ ಎರಡಲಗಿನ ಕತ್ತಿಯನ್ನು ಹೊರತೆಗೆದಳು.

ಲಾಯರಮ್ಮ ಬರೆಯಲಿಲ್ಲ. ಪೀರಿಯಡ್ ಮುಗಿದ ಮೇಲೆ ಸರ್ ಕೋಣೆಗೆ ಹೋಗಿ, "ಸರ್, ಅವರು ನನ್ನ ಚಿಕ್ಕಮ್ಮ," ಎಂದಳು.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖ ನಿಜವಾಗಿಯೂ ಸಣ್ಣದಾಯಿತು.

"ನೀನು ಹೇಳಲಿಲ್ಲವಲ್ಲಮ್ಮ. ಹೇಳಿದ್ರೆ ಕಳಿಸ್ತಿದ್ನಾ? ಪತ್ರಿಕೇಲಿ ಬಂದಿದ್ರಲ್ಲಿ ನಾನು ಒಂದಕ್ಷರ ಬದಲಾಯಿಸಿಲ್ಲ."

"ಗೊತ್ತು ಸರ್. ನಾನು ಬರೆದ ಹಾಗೇ ಇತ್ತು."

"ಈಗ ಪೂರ್ತಿ ಬರಿ. ಎಷ್ಟು ಪುಟ ಆದ್ರೂ ಆಗಲಿ. ನಾನೇ ಕಳಿಸ್ತೀನಿ."

ಪೂರ್ತಿ ಬರೆದಳು. ಎರಡು ಪುಟ, ಅದರಲ್ಲಿ ಒಂದು ಪುಟ ಕೊನೆಯ ಬೆಂಚಿನ ಹುಡುಗಿಯದೇ. ನಗು ಬರಿಸುವ ಒಂದು ಸಾಲೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ಸರ್ ಅದನ್ನು ವಾಪಸ್ ಕೊಟ್ಟರು. ಅವಳ ಮುಖ ನೋಡದೆ, "ಬೇಡ ಅಂದರು. ಅದು ಹಳೇ ಸುದ್ದಿಯಂತೆ," ಎಂದರು. ಮೊದಲನೆಯದು ಅಚ್ಚಾಗಿ ಎರಡು ವಾರವೂ ಆಗಿರಲಿಲ್ಲ.

ಅಷ್ಟರಲ್ಲಿ ಬೋಧನಾಭ್ಯಾಸದ ಪಟ್ಟಿ ಬಂತು. ಕೊನೆಯ ವರ್ಷದವರು ಆರು ವಾರ ಯಾವುದಾದರೂ ಶಾಲೆಗೆ ಹೋಗಿ ಪಾಠ ಮಾಡಬೇಕು, ಸಂಬಳವಿಲ್ಲ. ಅವಳ ಹೆಸರಿನ ಮುಂದೆ ಚಿಕ್ಕಮ್ಮನ ಶಾಲೆ ಇತ್ತು, ಮೂರನೇ ತರಗತಿ. ಬೇರೆ ಶಾಲೆ ಕೊಡಿ ಎಂದು ಕೇಳಿಕೊಂಡಳು, ಪಟ್ಟಿಗೆ ಸಹಿಯಾಗಿದೆ ಎಂದರು. ಮೊದಲ ದಿನ ಹೆಡ್ ಮೇಡಂ ಕೋಣೆ ತೋರಿಸುತ್ತಾ, ಇವಳು ಯಾರೆಂದು ತಿಳಿಯದೆ, "ಆ ಜಾಗಕ್ಕೆ ಬೇರೆಯವರನ್ನ ತಗೊಳ್ಳೋದು ಬೇಡ ಅಂದಿದಾರೆ. ಟ್ರೇನಿಂಗಿನವರು ಬರ್ತಾ ಇರ್ತೀರಲ್ಲ, ನಡೆಯುತ್ತೆ," ಎಂದರು. ಹನ್ನೊಂದು ವರ್ಷ ಚಿಕ್ಕಮ್ಮ ಕೂತ ಕುರ್ಚಿಯಲ್ಲಿ ಅವಳು ಹೋಗಿ ಕೂತಳು.

"ನಮ್ಮ ಟೀಚರ್ ಯಾವಾಗ ಬರ್ತಾರೆ?" ಎಂದು ಮಕ್ಕಳು ಕೇಳಿದರು. ದನಿ ಕೇಳಿದ್ದೇ ಯಾರು ಯಾರೆಂದು ಅವಳಿಗೆ ಗುರುತು ಹತ್ತಿತು. ಹಲ್ಲು ಬಿದ್ದವಳಿಗೆ ಹೊಸ ಹಲ್ಲು ಬರುತ್ತಿತ್ತು.

ಈಗ ಗಿಳಿಗೆ ಎಲ್ಲರ ದನಿಯೂ ಗೊತ್ತಿತ್ತು. ಮೋಸಕ್ಕೆ ದಾರಿಯಿರಲಿಲ್ಲ, ಅವಳಿಗೆ ಆ ಧೈರ್ಯವೂ ಇರಲಿಲ್ಲ. ದಿನಾ ಎರಡು ಗಂಟೆ, ಒಬ್ಬೊಬ್ಬರಾಗಿ ಬಂದು ಟ್ಯಾಬಿನ ಮುಂದೆ ನಿಂತು ಓದಬೇಕು. ಉಳಿದವರು ಕೈಕಟ್ಟಿ ಬಾಯಿ ಮುಚ್ಚಿ ಕೂರಬೇಕು. ಅದು ಮುಗಿಯುವ ಹೊತ್ತಿಗೆ ಪಾಠ ಹೇಳಲು ಅವಳಲ್ಲೂ ಕಸುವಿರುತ್ತಿರಲಿಲ್ಲ, ಕೇಳಲು ಮಕ್ಕಳಲ್ಲೂ ಇರುತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗಾಯಿತು. ಮೊದಲ ವಾರ ಹಸಿರಾದವರು ಹದಿನಾಲ್ಕು ಜನ. ಆಫೀಸಿನಿಂದ ಫೋನು ಬಂತು. ಕೆಂಪಾದವರಿಗೆ ಶಾಲೆ ಬಿಟ್ಟ ಮೇಲೆ ಗಿಳಿಯ ಮುಂದೆ ಇನ್ನೂ ಒಂದು ಗಂಟೆ ಎಂದು ಆದೇಶವಾಯಿತು.

ಕೊನೆಯ ಬೆಂಚಿನ ಹುಡುಗಿ ದಿನವೂ ಕೆಂಪು. ಟ್ಯಾಬಿನ ಮುಂದೆ ತಂದು ನಿಲ್ಲಿಸಿದರೆ ತುಟಿ ಬಿಗಿಹಿಡಿದು ತನ್ನ ಬೂಟು ನೋಡುತ್ತಿದ್ದಳು. ತೆರೆಯ ಮೇಲೆ ಸಮಯ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬರುತ್ತಿತ್ತು. ಆಗ ಗಿಳಿ ಬಹಳ ಮುದ್ದಾಗಿ, "ಪರವಾಗಿಲ್ಲ, ಮತ್ತೆ ಪ್ರಯತ್ನಿಸು," ಎನ್ನುತ್ತಿತ್ತು.

ಚಿಕ್ಕಮ್ಮನಿಗೆ ಅಷ್ಟರಲ್ಲಿ ಔಷಧಿಗಳ ಸಗಟು ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ದಿನವಿಡೀ ನಿಂತುಕೊಂಡು ಡಬ್ಬಿಗಳ ಮೇಲಿನ ತಾರೀಖು ನೋಡಿ ಅವಧಿ ಮುಗಿದದ್ದನ್ನು ಬೇರೆ ಮಾಡುವುದು. ಸಂಜೆ ಬಂದವಳೇ ಕಾಲು ಚಾಚಿ ಕೂರುತ್ತಿದ್ದಳು. ಒಂದು ಸಂಜೆ ಲಾಯರಮ್ಮ ಧೈರ್ಯ ಮಾಡಿ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು.

"ನಾನು ಆಫೀಸಿಗೆ ಕಾಗದ ಬರೀತೀನಿ ಚಿಕ್ಕಮ್ಮ. ಈ ಸಲ ನನ್ನ ಹೆಸರು ಹಾಕ್ತೀನಿ."

"ಬರೆಯೋದು ಬೇಡ," ಎಂದಳು ಚಿಕ್ಕಮ್ಮ. "ನೀನು ಬರೆದಿದ್ದು ಸಾಕು. ಊಟದ ಹೊತ್ತಲ್ಲಿ ಅವಳ ಪಕ್ಕ ಕೂತ್ಕೋ. ಎದುರಿಗಲ್ಲ, ಪಕ್ಕ. ಮುಖ ನೋಡಬೇಡ, ಬೆರಳು ಮಾತ್ರ ನೋಡು."

ಎಷ್ಟೋ ದಿನಗಳ ಮೇಲೆ ಚಿಕ್ಕಮ್ಮ ಆಡಿದ ಉದ್ದದ ಮಾತು ಅದು. ಲಾಯರಮ್ಮ ಹಾಗೇ ಮಾಡಿದಳು. ಏಳು ದಿನ ಊಟದ ಹೊತ್ತಿನಲ್ಲಿ ಪಕ್ಕ ಕೂತಳು. ಐದನೆಯ ದಿನ ಹುಡುಗಿ ಒಂದು ಪದ ಓದಿದಳು, ಆರನೆಯ ದಿನ ಎರಡು. ಎಂಟನೆಯ ದಿನ ಹೆಡ್ ಮೇಡಂ ಬಾಗಿಲಲ್ಲಿ ಬಂದು ನಿಂತರು. ಕೆಂಪಾದವರು ಇನ್ನು ಊಟದ ಹೊತ್ತಿನಲ್ಲೂ ಟ್ಯಾಬಿನ ಮುಂದೆ ಕೂರಬೇಕಂತೆ. "ನಾನೇನ್ ಮಾಡ್ಲಮ್ಮ, ಮೇಲಿಂದ ಬಂದಿರೋದು," ಎಂದರು. ಅವರ ದನಿಯಲ್ಲೂ ಸುಸ್ತಿತ್ತು.

ಮುಂದಿನ ಸೋಮವಾರ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಶುಕ್ರವಾರ ಲಾಯರಮ್ಮ ವಿಳಾಸ ಹುಡುಕಿಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಬೀದಿ, ಹೊಲಿಗೆ ಯಂತ್ರದ ಸದ್ದು ಬರುವ ಮನೆ. ಹುಡುಗಿಯ ತಾಯಿ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಾಳೆ. ಒಂದೆರಡು ಸಲ ವಾಂತಿನೂ ಆಯ್ತು. ಮೊದಲಿನ ಟೀಚರ್ ಇದ್ದಾಗ ಹೀಗಿರಲಿಲ್ಲ. ಅವರನ್ನ ಯಾಕೆ ತೆಗೆದ್ರೋ."

ಲಾಯರಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಆ ಗಿಳಿ ಇಲ್ಲದ ಶಾಲೆ ಎಲ್ಲಾದ್ರೂ ಇದ್ರೆ ಹೇಳಿ," ಎಂದು ತಾಯಿ ಬಾಗಿಲು ಮುಂದೆ ಮಾಡಿದಳು.

ಮನೆಗೆ ಬಂದು ಅದನ್ನೂ ಹೇಳಿದಳು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ, "ಮನೆ ಎಲ್ಲಿ ಅಂದೆ?" ಎಂದಳು.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ತಲೆ ಬಾಚಿಕೊಂಡು, ಹಳೆಯ ಓದುಪುಸ್ತಕವೊಂದನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಲಾಯರಮ್ಮನೂ ಎದ್ದು ಬಾಗಿಲ ಹತ್ತಿರ ಬಂದಳು.

"ನಾನೂ ಬರ್ಲಾ?"

ಚಿಕ್ಕಮ್ಮ ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡಳು.

"ಬೇಡ."

ಬೋಧನಾಭ್ಯಾಸಕ್ಕೆ ಅವಳಿಗೆ ಒಳ್ಳೆಯ ಅಂಕವೇ ಬಂತು. ಕಾಲೇಜು ಮುಗಿದ ಮೇಲೆ ನಗರದ ಇನ್ನೊಂದು ತುದಿಯ ಶಾಲೆಯಲ್ಲಿ ತಾತ್ಕಾಲಿಕ ಕೆಲಸವೂ ಸಿಕ್ಕಿತು, ಅಲ್ಲಿಗೂ ಟ್ಯಾಬ್ ಬಂದಿದೆ. ಚಿಕ್ಕಮ್ಮ ವಾರದ ಆರು ದಿನ ಔಷಧಿ ಡಬ್ಬಿಗಳ ತಾರೀಖು ನೋಡುತ್ತಾಳೆ. ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟು, ಮಧ್ಯಾಹ್ನ ಬರುತ್ತಾಳೆ. ಹುಡುಗಿ ಎಷ್ಟು ಓದಿದಳೆಂದು ಅವಳು ಅಕ್ಕನಿಗೆ ಹೇಳುತ್ತಾಳೆ. ಲಾಯರಮ್ಮ ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ.